ಎಡ ಪಕ್ಕೆಯ ಕಿಂಡಿ

ಬೆಳಗಿನಿಂದ ಕಾಳು ಮುಟ್ಟಿಸಿಲ್ಲ ಎರಡಕ್ಕೂ,
ಅಕ್ರೋಟು ಕೇಳಿದವು, ಕಲ್ಲುಮನಸ್ಸು ಮಾಡಿದೆ, ಅಂದ
ನೋದಾರ್. ಪಂಜರದ ಮೇಲೆ ಹೆಂಡತಿಯ ಉಣ್ಣೆಯ ಶಾಲು.
ಕುತಾಯಿಸಿಯ ರೈಲು ನಿಲ್ದಾಣದಿಂದ ತರಕಾರಿ ಸಂತೆಯವರೆಗೆ
ಇಪ್ಪತ್ತೆಂಟು ವರ್ಷ ವ್ಯಾನು ಓಡಿಸಿದ ಕೈ
ನನ್ನ ಮೇಜಿನ ಅಂಚನ್ನು ಸ್ಟಿಯರಿಂಗಿನಂತೆ ಹಿಡಿದಿತ್ತು.

ಎರಡು ಬೂದು ಗಿಳಿ, ಕೆಂಪು ಬಾಲ.
ಬೊಂದೋ, ಲಮಾರಾ.
ಹೆಸರಿಟ್ಟವನೂ ಅವನೇ, ಗಂಡು ಹೆಣ್ಣೆಂದು ಹಂಚಿದವನೂ ಅವನೇ:
ಗದ್ದಲ ಮಾಡುವುದು ಗಂಡಂತೆ,
ಕತ್ತು ಬಗ್ಗಿಸಿ ಕೆರೆಸಿಕೊಳ್ಳುವುದು ಹೆಣ್ಣಂತೆ.
ದ್ರಾಕ್ಷಾರಸದ ಪೆಟ್ಟಿಗೆ ಬಿಚ್ಚಿ ಗೂಡು ಮಾಡಿದ,
ಒಳಗೆ ಮರದ ಹೊಟ್ಟು ಹಾಸಿದ.
ಒಂಬತ್ತು ವಸಂತ. ಮೊಟ್ಟೆಯಿಲ್ಲ.
ಮೇಲಿನ ಮನೆಯ ತ್ಸಿಯಾಲಾ ಮೆಟ್ಟಿಲಲ್ಲಿ ತಡೆದು ಕೇಳುತ್ತಾಳಂತೆ,
ಇನ್ನೂ ಏನೂ ಇಲ್ಲವೇ,
ಹೊಸ ಸೊಸೆಯರನ್ನು ಕೇಳುವ ಅದೇ ದನಿಯಲ್ಲಿ.

ಗರಿ ಕಿತ್ತು ಹೊರದೇಶದ ಪ್ರಯೋಗಾಲಯಕ್ಕೆ ಕಳಿಸಬಹುದು, ಅಂದೆ.
ಕಳಿಸಿದ್ದ, ಎರಡು ಸಲ. ಒಂದು ಅಂಚೆಯಲ್ಲಿ ಕಳೆಯಿತು,
ಇನ್ನೊಂದಕ್ಕೆ, ಮಾದರಿ ಸಾಲದು, ಎಂದು ಉತ್ತರ.
ನೀವೇ ನೋಡಿ. ಕಣ್ಣಾರೆ ನೋಡಿ ಹೇಳಿ.

ಮೊದಲು ಲಮಾರಾ.
ಸಿರಿಂಜಿನ ಕೊಳವೆಗೆ ಕೈಗವಸಿನ ರಬ್ಬರು ಬಿಗಿದ ಮುಖವಾಡ,
ಅನಿಲ, ಎಣಿಸಿ ಹನ್ನೆರಡು ಉಸಿರು,
ರೆಕ್ಕೆ ತಾನಾಗಿ ಹಟ ಬಿಟ್ಟಿತು.
ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದೆ,
ಗೋಧಿಕಾಳಿನಷ್ಟು ಸೀಳು.
ಮನುಷ್ಯರ ಮೊಣಕಾಲಿನೊಳಗೆ ಇಣುಕಲೆಂದು ಮಾಡಿದ ನಳಿಗೆ,
ಸೆಕೆಂಡ್ ಹ್ಯಾಂಡು. ಇದರೊಳಕ್ಕೂ ಹೊಂದುತ್ತದೆ.

ಒಳಗೆ ಬರೀ ರಕ್ತ, ಕತ್ತಲೆ ಎಂದುಕೊಳ್ಳುತ್ತಾರೆ ಜನ.
ಇಲ್ಲ. ಹಕ್ಕಿಯೊಳಗೆ ಗಾಳಿಯ ಕೋಣೆಗಳಿವೆ,
ಗೋಡೆಗಳು ಈರುಳ್ಳಿಯ ಒಳಪೊರೆ,
ಒಂದು ದೀಪಕ್ಕೆ ಮನೆಯೆಲ್ಲ ಬೆಳಗುತ್ತದೆ.
ಅಲ್ಲಿ, ಮೂತ್ರಪಿಂಡದ ತಲೆಯ ಹತ್ತಿರ,
ಸಣ್ಣ ದ್ರಾಕ್ಷಿಗೊಂಚಲು ಕಂಡರೆ ಹೆಣ್ಣು,
ನುಣ್ಣನೆ ಅವರೆಬೀಜ ಕಂಡರೆ ಗಂಡು.
ಇಷ್ಟೇ ಶಾಸ್ತ್ರ. ಉಳಿದದ್ದು ಕೈ ನಡುಗದಿರುವುದು.

ಬೀಜ.
ಮತ್ತೊಮ್ಮೆ ನೋಡಿದೆ. ಬೀಜ.
ಬೊಂದೋ ಒಳಗೂ ಅದೇ, ಸ್ವಲ್ಪ ದಪ್ಪ.

ನಳಿಗೆ ಹಿಂದೆಗೆಯುವಾಗ ನೆನಪಾಯಿತು
ಇನ್ನೊಂದು ಕೋಣೆ: ತಣ್ಣನೆಯ ಜೆಲ್, ನನ್ನದೇ ಹೊಟ್ಟೆ,
ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ ವೈದ್ಯೆ,
ಹೊರಗೆ ಬೆಂಚಿನಲ್ಲಿ ಅತ್ತೆ, ಕೈಚೀಲದಲ್ಲಿ ಚಾಕೊಲೇಟಿನ ಡಬ್ಬಿ.
ಬಾಗಿಲು ತೆರೆಯಿತು. ಡಬ್ಬಿ ತೆರೆಯಲಿಲ್ಲ.
ನೀನೋಗೆ ಈಗ ಹದಿನಾರು.
ಆ ಚಾಕೊಲೇಟು ಯಾರು ತಿಂದರೋ.

ಇದಕ್ಕೊಂದು ಹೊಲಿಗೆ, ಅದಕ್ಕೊಂದು.
ಎರಡೂ ಗಂಡು, ಅಂದೆ.
ಅವನು ನಗಲಿಲ್ಲ, ಮುಖ ಇಳಿಸಲೂ ಇಲ್ಲ,
ಕೆಂಪು ದೀಪದ ಮುಂದೆ ನಿಂತವನಂತೆ ಕೂತಿದ್ದ.
ಆಮೇಲೆ:
ಲಮಾರಾ ಅಂದರೆ ಬಂದು ಭುಜದ ಮೇಲೆ ಕೂರುತ್ತದಲ್ಲ?
ಕೂರುತ್ತದೆ.
ಹಾಗಾದರೆ ಅದು ಲಮಾರಾನೇ.
ನಮ್ಮ ನುಡಿಯಲ್ಲಿ ಅವನಿಗೂ ಅವಳಿಗೂ ಅದಕ್ಕೂ ಒಂದೇ ಮಾತು;
ಅವನು ವಾಕ್ಯದಲ್ಲಿ ಏನನ್ನೂ ತಿದ್ದಬೇಕಾಗಲಿಲ್ಲ.

ಗಂಡಾದರೆ ಬಲರೆಕ್ಕೆಯಡಿ ಶಾಯಿಯ ಚುಕ್ಕೆ, ಹೆಣ್ಣಾದರೆ ಎಡಕ್ಕೆ,
ಮತ್ತೆ ಯಾರೂ ಕೊಯ್ದು ನೋಡದಿರಲೆಂದು ಇರುವ ಪದ್ಧತಿ.
ಬೇಡ ಅಂದ. ಇನ್ನು ಯಾರು ಕೇಳುತ್ತಾರೆ.
ಸೀಸೆಯ ಮುಚ್ಚಳ ತಿರುಗಿಸಿಟ್ಟೆ.

ಬಾಗಿಲಲ್ಲಿ ಒಮ್ಮೆ ನಿಂತ.
ತ್ಸಿಯಾಲಾ ನಿಮ್ಮ ಹತ್ತಿರವೇ ಬೆಕ್ಕು ತರುತ್ತಾಳೆ, ಗೊತ್ತು.
ಇದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಿ, ಡಾಕ್ಟರೇ.

ಶಾಲಿನಡಿಯಿಂದ, ಅಮಲಿಳಿಯದ ಗಂಟಲೊಂದು,
ಯಾವುದರದ್ದೋ ತಿಳಿಯಲಿಲ್ಲ,
ವ್ಯಾನಿನ ಬಾಗಿಲು ಜರ್ರನೆ ಎಳೆದು ಮುಚ್ಚುವ ಸದ್ದು ಮಾಡಿತು.