ಹನ್ನೆರಡು, ಹದಿಮೂರು

ನನ್ನ ಟೇಪಿನಲ್ಲಿ ಹನ್ನೊಂದಾದ ಮೇಲೆ ಹದಿನಾಲ್ಕು.
ನಡುವಿನೆರಡು ಅಂಕೆ ಅಳಿಲಿನ ಹೊಟ್ಟೆಯಲ್ಲಿವೆ.
ಹೊಟ್ಟೆಯಲ್ಲೂ ಇಲ್ಲ, ಬರೀ ಹಲ್ಲಿಗೆ ಸಿಕ್ಕಿ
ಕಿಟಕಿಯ ಕೆಳಗೆ ಹಳದಿ ಪುಡಿಯಾಗಿ ಬಿದ್ದಿವೆ.
ಕೋಡಿಬಾಗದ ಅರ್ಧ ಹೆಂಗಸರ ರವಿಕೆಯ ಉದ್ದ
ಆ ಪುಡಿಯಲ್ಲಿತ್ತು.
ಈಗ ಅಂದಾಜಿನ ಮೇಲೆ ಕತ್ತರಿ ಆಡುತ್ತದೆ.

ಮೊದಲು ಹೋದದ್ದು ಬಟ್ಟೆ ಹರವುವ ಹಗ್ಗ.
ವಿಠ್ಠು ತಾಂಡೇಲ ಬೈತಖೋಲದಿಂದ ತಂದುಕೊಟ್ಟಿದ್ದ,
‘ಟ್ರಾಲರಿನ ಹಗ್ಗ ಇದು, ಇಸ್ವಾಣದ ರಾಶಿಗೂ ಹರಿಯಲ್ಲ’ ಎಂದಿದ್ದ.
ಮೂರೇ ದಿನಕ್ಕೆ ಸೀರೆ, ಲಂಗ, ಅವನ ಮಾತು ಎಲ್ಲ ನೆಲಕ್ಕೆ.
ಆಮೇಲೆ ಕಾಲೊರೆಸುವ ನಾರಿನ ಚಾಪೆ,
ತೊಂಡೆಬಳ್ಳಿಗೆ ಕಟ್ಟಿದ ಸುತಳಿ,
ಬಚ್ಚಲ ಪೈಪಿನ ಬಾಯಿ.
ಚಿಕ್ಕು ಹಣ್ಣಂತೂ ಒಂದೊಂದಕ್ಕೂ ಒಂದೇ ಕಚ್ಚು,
ರವಿವಾರದ ಸಂತೆಯಲ್ಲಿ ಹಾಲಕ್ಕಿ ಅಜ್ಜಿಯ ಬುಟ್ಟಿಯ ಮುಂದೆ ಕೂತು
ರುಚಿ ನೋಡಿ, ಕೊಳ್ಳದೆ ಏಳುವವರ ಹಾಗೆ.
ಮಿಶಿನ್ನಿನ ಎಣ್ಣೆಬುಡ್ಡಿಯ ಮುಚ್ಚಳ.
ಗುರುತು ಹಾಕುವ ಸೀಮೆಸುಣ್ಣ, ಎರಡು ನೀಲಿ, ಒಂದು ಬಿಳಿ.

ಸೀಮೆಸುಣ್ಣ ಯಾಕೆ? ಅದರಲ್ಲೇನು ರುಚಿ?

ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬಂದ ಗಾಂವಕರ ಮಾಸ್ತರು
ಕನ್ನಡಕ ಒರೆಸಿಕೊಂಡು ಪಾಠ ಹಿಡಿದರು:
‘ಅದರ ಮುಂದಿನ ಹಲ್ಲು ಬೆಳೆಯುವುದು ನಿಲ್ಲುವುದೇ ಇಲ್ಲ ತಂಗಿ.
ಕಡಿಯದೆ ಸುಮ್ಮನೆ ಕೂತರೆ
ಬಾಯಿ ಮುಚ್ಚಲಾಗದೆ ಉಪವಾಸ ಸಾಯುತ್ತದೆ.
ಇನ್ನು ಸುಣ್ಣ, ಅದು ಬಸುರಿಗೆ. ಎಲುಬಿಗೆ, ಹಾಲಿಗೆ.
ದಂಡೆಯಲ್ಲಿ ಮಾಣಕಿಯ ಬೆಳ್ಳನೆ ಎಲುಬು ಬಿದ್ದಿರುತ್ತದಲ್ಲ,
ಒಂದು ತಂದಿಡು. ನಿನ್ನ ತಂಟೆಗೆ ಬರುವುದಿಲ್ಲ.’
ಮೂವತ್ತು ಆಯಿತು ಎಂದೆ. ಇಪ್ಪತ್ತು ಕೊಟ್ಟು ಹೋದರು.

ನಾನು ದಂಡೆಗೆ ಹೋಗಲಿಲ್ಲ. ಮದುವೆಯ ಸೀಸನ್ನು.
ಅಷ್ಟರಲ್ಲಿ ಹೋಯಿತು ಕಾಯ್ತಾನರ ಮಗಳ
ಗೌನಿನ ಲೇಸು, ಮಡಗಾಂವದ್ದು, ಎರಡೂವರೆ ಮೊಳ.
ಮಂಚದಡಿ ನೋಡಿದೆ, ಮಿಶಿನ್ನಿನಡಿ ನೋಡಿದೆ,
ಪಾಪ, ಗಂಡನ ಕಿಸೆಯನ್ನೂ ನೋಡಿದೆ.

ಏಣಿ ಹತ್ತಿದರೆ, ನನ್ನದೇ ಬೋರ್ಡಿನ ಹಿಂದೆ,
‘ಲೇಡೀಸ್’ಗೂ ‘ಟೈಲರ್’ಗೂ ನಡುವಿನ ಜಾಗದಲ್ಲಿ ಗೂಡು.
ನಾರು, ಸುತಳಿ, ಹಗ್ಗದ ಹಸಿರು ಎಳೆ,
ನೇವಿಯವರ ಬಿಳಿ, ಪೊಲೀಸನ ಖಾಕಿ, ಶಾಲೆಯ ನೀಲಿ,
ಎಲ್ಲ ಬಿಡಿಸಿ, ಹಿಂಜಿ, ಹತ್ತಿಯಷ್ಟು ಮೆತ್ತಗೆ ಮಾಡಿ
ಮೇಲೆ ಲೇಸು.
ಲೇಸಿನ ಮೇಲೆ ಮೂರು.
ಕಣ್ಣು ತೆರೆಯದ, ಹೆಬ್ಬೆರಳಿನಷ್ಟು, ಕೆಂಪು.
ಬೆನ್ನ ಮೇಲೆ ಗೆರೆ ಮೂಡಿತ್ತೋ, ನನಗೇ ಹಾಗೆ ಕಂಡಿತೋ,
ಹೊಲಿಗೆಗೆ ಮುಂಚೆ ಎಳೆದ ಗುರುತಿನಂತೆ.
ತಾಯಿ ಚಿಕ್ಕುವಿನ ಕೊಂಬೆಯಲ್ಲಿ ಬಾಲ ಕುಣಿಸಿ ಕುಣಿಸಿ
ಕಳ್ಳಿ ಬಂದಳು, ಕಳ್ಳಿ ಬಂದಳು ಎಂದು
ಓಣಿಗೆಲ್ಲ ಸಾರುತ್ತಿತ್ತು.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅನ್ನುತ್ತಾರೆ.
ಹೊಲಿಯುವವಳ ಮೇಲೆ ಯಾರೂ ಗಾದೆ ಕಟ್ಟಿಲ್ಲ, ನನ್ನ ಪುಣ್ಯ.
ನಾನು ಬಸುರಿಯಿದ್ದ ವರ್ಷ
ಯಾರೇ ಬರಲಿ, ಕಾಲು ಮೀಟರು ಹೆಚ್ಚಿಗೆ ಹೇಳುತ್ತಿದ್ದೆ.
‘ಪನ್ನ ಸಣ್ಣದು ಬಾಯಿ, ಸಾಲುವುದಿಲ್ಲ.’
ಆ ಚೂರುಗಳೇ ಕೂಡಿ ಕೌದಿಯಾಯಿತು,
ನನ್ನ ಮಂಜರಿ ಅದರಡಿ ಆರು ಮಳೆಗಾಲ ಮಲಗಿದಳು.
ಕದ್ದೆ ಎಂದು ಒಂದು ದಿನವೂ ಅನಿಸಿರಲಿಲ್ಲ.
ಉಳಿದದ್ದು, ಎಂದುಕೊಂಡಿದ್ದೆ.

ಏಣಿ ಇಳಿದೆ. ಲೇಸಿಗೆ ಕೈ ಹಚ್ಚಲಿಲ್ಲ.
ಸಂಜೆ ಕಾಯ್ತಾನರ ಮನೆಯಿಂದ ಫೋನು.
‘ಲೇಸು ಕಡಿಮೆ ಬಿತ್ತು ಬಾಯಿ’ ಎಂದೆ,
ನಾಲಿಗೆಗೆ ಅಭ್ಯಾಸವಿತ್ತು, ತಡವರಿಸಲಿಲ್ಲ.
‘ದುಡ್ಡು ನಾನೇ ಹಾಕುತ್ತೇನೆ’ ಎಂದದ್ದು ಮಾತ್ರ ಹೊಸದು.
ಅವರೂ ಒಂದು ಗಳಿಗೆ ಸುಮ್ಮನಾದರು.

ನಾಳೆ ಬೆಳಗಿನ ಬಸ್ಸಿಗೆ ಮಡಗಾಂವ.
ಬಂದವಳೇ ದಂಡೆಗೆ ಹೋಗಿ ಆ ಎಲುಬು.
ಹೊಸ ಟೇಪೂ ಒಂದು ಬೇಕು.
ಈ ಸಲ ಡಬ್ಬಿಯಲ್ಲಿಟ್ಟು ಮುಚ್ಚಬೇಕು.
ಡಬ್ಬಿ, ನೋಡಿದರೆ, ಪ್ಲಾಸ್ಟಿಕ್ಕಿನದು.