ರಸಮಟ್ಟ

ಕುರ್ಚಿ ನನ್ನದು. ಅಂದರೆ, ಮಾಡಿದ್ದು ನಾನು.
ಬಿರುಗಾಳಿಗೆ ತೈವಿ ಹೊಳೆಯ ದಂಡೆಯಲ್ಲಿ ಉರುಳಿದ ಓಕ್ ಮರ,
ನಾಲ್ಕು ವರ್ಷ ಒಣಗಿಸಿ, ಒಂದು ಚಳಿಗಾಲ ಪೂರ್ತಿ ಕೆತ್ತಿ,
ಬೆನ್ನಿಗೆ ಒಂದು ಅಲೆ; ಕೈಗಳಿಗೆ ಏನೂ ಇಲ್ಲ,
ಕೂತವರು ಸವೆಸಿಯೇ ಅಲ್ಲಿ ಏನಾದರೂ ಬರೆಯಲಿ ಎಂದು.
ವೇಲ್ಸಿನ ನಮ್ಮ ಈ ಮೂಲೆಯಲ್ಲಿ, ವರ್ಷಕ್ಕೊಮ್ಮೆ,
ಒಳ್ಳೆಯ ಕವಿತೆಗೆ ಕುರ್ಚಿ ಕೊಡುತ್ತಾರೆ.
ದುಡ್ಡಲ್ಲ. ಕೂರಲು ಒಂದು ಜಾಗ.

ಹೆಸರು ಮರೆಸಿದ ಹನ್ನೊಂದು ಲಕೋಟೆ, ಮೂವರು ತೀರ್ಪುಗಾರರು,
ಚಾಪೆಲಿನ ಹಿಂದಿನ ಕೋಣೆಯಲ್ಲಿ, ಹೀಟರಿನ ಸುತ್ತ.
ಗೋಡೆಯ ಈಚೆ ನಾನು ವೇದಿಕೆಗೆ ಮೊಳೆ ಹೊಡೆಯುತ್ತಿದ್ದೆ.
ಕೇಳಬಾರದಿತ್ತು. ಕೇಳಿಸಿತು.

ಇದ್ವಾಲ್ ಬೆರಳು ಮಡಿಸಿ ಎಣಿಸುವವನು. ನಮ್ಮ ಛಂದಸ್ಸೇ ಹಾಗೆ:
ಸಾಲಿನ ಈಚೆ ದಡದ ವ್ಯಂಜನಗಳೆಲ್ಲ
ಅದೇ ಕ್ರಮದಲ್ಲಿ ಆಚೆ ದಡ ಮುಟ್ಟಬೇಕು,
ಒಂದು ಕುರಿಯೂ ತಪ್ಪದೆ.
"ತೊಂಬತ್ತಾರು ಸಾಲು, ಒಂದೂ ತಪ್ಪಿಲ್ಲ ಈ ‘ನೀರುಕಾಗೆ’ಯದು.
‘ಉಪ್ಪಿನ ಚೀಲ’ ಅಂತ ಸಹಿ ಹಾಕಿದವರು ನೋಡು,
ನಲವತ್ತನೆಯ ಸಾಲಿನಲ್ಲಿ ರ ಬಿಟ್ಟಿದ್ದಾರೆ.
ಇಲ್ಲ ಅಂದರೆ ಇಲ್ಲ. ಇದರಲ್ಲಿ ನಿನ್ನ ರುಚಿ, ನನ್ನ ರುಚಿ ಎಲ್ಲಿ ಬಂತು?"

ತೆಗ್ವೆನ್ ಅಂದಳು: "ದೋಣಿ ಬರಿದಾಗಿ ಮರಳುವುದು
ಆ ಸಾಲಿನಲ್ಲೇ. ರ ಕೂಡ ಮುಳುಗಿದೆ, ಇದ್ವಾಲ್."
"ಮುಳುಗಿದ್ದೋ, ಮರೆತದ್ದೋ?"
"ಗೊತ್ತಿಲ್ಲ. ಓದುವಾಗ ನನ್ನ ಉಸಿರು ನಿಂತಿತು."
"ನಿನ್ನ ಉಸಿರನ್ನು ನಾನು ಯಾವುದರಲ್ಲಿ ಅಳೆಯಲಿ?"
ಅಷ್ಟು ಹೊತ್ತೂ ಕೇಕು ತಿನ್ನುತ್ತಿದ್ದ ಕಾರ್ವಿನ್
ಮೆಲ್ಲಗೆ ಕೇಳಿದ, "ನೀರುಕಾಗೆ ಓದುವಾಗ
ನಿನ್ನ ಉಸಿರಿಗೆ ಏನಾಯಿತು?"
ಉತ್ತರ ಬರಲಿಲ್ಲ. ಯಾರೋ ಕನ್ನಡಕ ಒರೆಸುವ ಸದ್ದು.

ನನ್ನ ಹತ್ತಿರ ರಸಮಟ್ಟ ಇದೆ, ಅಪ್ಪನದು, ಹಿತ್ತಾಳೆಯದು.
ಹಸಿರು ರಸದಲ್ಲಿ ಒಂದು ಗುಳ್ಳೆ. ಎರಡು ಗೀಟಿನ ನಡುವೆ
ನಿಂತರೆ ನಿಂತಿತು, ಇಲ್ಲವಾದರೆ ಇಲ್ಲ.
ಅದರ ಅಣ್ಣ ಯಾರೂ ಮೀನಿಗೆ ಹೋಗಿ ಮರಳದೆ ಉಳಿದಿಲ್ಲ.
ಇದನ್ನು ಇದ್ವಾಲನ ಪರವಾಗಿಯೇ ಹೇಳುತ್ತಿದ್ದೇನೆ.
ನನ್ನ ಅಂಗಡಿಯಲ್ಲಿ ಕುರ್ಚಿಯ ಮೇಲಿಟ್ಟಾಗ
ಗುಳ್ಳೆ ನಟ್ಟನಡುವೆ ಕದಲದೆ ನಿಂತಿತ್ತು.
ವೇದಿಕೆಗೆ ತಂದಿಟ್ಟೆ. ಕುರ್ಚಿ ಕುಂಟಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಗೊತ್ತು. ಆದರೆ ಇಲ್ಲಿ ನೆಲ ನಿಜಕ್ಕೂ ಡೊಂಕು,
ನೂರೈವತ್ತು ವರ್ಷ ಒಂದೇ ಬದಿಗೆ ನಿಂತು ಹಾಡಿದವರ ಭಾರ.
ಕಾಲು ನಾಲ್ಕೂ ಸರಿ. ಹಲಗೆಯೂ ತನ್ನ ಮಟ್ಟಿಗೆ ಸರಿ.
ಹಾಗಾದರೆ ಆ ಟಕ್ ಟಕ್ ಯಾರದು?
ಕಸದ ಬುಟ್ಟಿಯಲ್ಲಿ ಸಿಕ್ಕ ಹಾಳೆಯೊಂದನ್ನು ಎಂಟಾಗಿ ಮಡಚಿ
ಎಡಗಾಲಿನ ಅಡಿ ತುರುಕಿದೆ.

ಸಂಜೆ ಘೋಷಣೆ: ಈ ವರ್ಷ ಯಾರೂ ಅರ್ಹರಿಲ್ಲ.
ಕತ್ತಿ ಒರೆಯಲ್ಲೇ ಉಳಿಯಿತು. ದೀಪದ ಕೆಳಗೆ ನನ್ನ ಕುರ್ಚಿ,
ಊಟಕ್ಕೆ ಕರೆದು ಬಾಗಿಲು ಹಾಕಿಕೊಂಡ ಮನೆಯಂತೆ.

ಜನ ಕರಗಿದ ಮೇಲೆ, ಗುಡಿಸಲು ಬಂದ ನೆಸ್ಟಾ
ಪೊರಕೆ ಒರಗಿಸಿಟ್ಟು, ಅದರಲ್ಲಿ ಕೂತು, ಬೂಟಿನ ದಾರ ಕಟ್ಟಿಕೊಂಡಳು.
"ಬೆನ್ನಿಗೆ ಹಿತವಾಗಿದೆ," ಅಂದಳು.
ಆಮೇಲೆ, "ಸ್ವಲ್ಪ ಎತ್ತರವಾಯಿತು."
ಎರಡೂ ನಿಜ. ನೆಸ್ಟಾ ಕುಳ್ಳಿ.

ಮನೆಗೆ ಬಂದು ನೋಡಿದರೆ ಹಾಳೆ ಕಾಲಿಗೆ ಅಂಟಿಕೊಂಡೇ ಬಂದಿದೆ.
ಬಿಡಿಸಿದೆ. ಉಪ್ಪಿನ ಚೀಲ.
ನಲವತ್ತನೆಯ ಸಾಲಿನ ಸುತ್ತ ಕೆಂಪು ಶಾಯಿ,
ಮಡಿಕೆ ಬಿದ್ದು ಸವೆದದ್ದೂ ಅಲ್ಲೇ.
ಗಟ್ಟಿಯಾಗಿ ಓದಿದೆ. ನನ್ನ ಉಸಿರು ನಿಲ್ಲಲಿಲ್ಲ,
ಸುಳ್ಳು ಯಾಕೆ ಹೇಳಲಿ. ಚಹಾ ಕುಡಿದು ಮಲಗಿದೆ.

ಎರಡು ಗಂಟೆಗೆ ಎಚ್ಚರವಾದಾಗ, ಕತ್ತಲಲ್ಲಿ,
ಆ ಸಾಲಿನಲ್ಲಿ ರ ಎಲ್ಲಿ ಕೂರಬೇಕಿತ್ತು ಎಂದು
ನಾಲಗೆ ತಾನಾಗಿ ತಡಕುತ್ತಿತ್ತು,
ಹಲ್ಲು ಬಿದ್ದ ಜಾಗವನ್ನು ತಡಕುವ ಹಾಗೆ.