ಹೆಬ್ಬೆರಳಷ್ಟು ಹೊಗೆ

ಚೌಬಾರಾದ ಹಿಂದಿನ ಗಲ್ಲಿಯಲ್ಲಿ
ಫೋಟೊಗೆ ಕಟ್ಟು ಹಾಕುವ ಮೆಹತಾಬಸಾಬರ ಅಂಗಡಿ.
ಯಾರೋ ಕೊಟ್ಟು ಮರೆತ ಚಿತ್ರವೊಂದು
ಹನ್ನೊಂದು ವರ್ಷದಿಂದ ಗೋಡೆಗೊರಗಿದೆ,
ಅಂಚಿಗೆ ಗೆದ್ದಲು.

ಕೆಳಗೆ ಬರೆದಿದೆ: ಬೀದರಿನ ಒಂದು ಮನೆ, ಸುಲ್ತಾನರ ಕಾಲ.
ಬರೆದವನು ಬೀದರ ನೋಡಿದವನಲ್ಲ.
ಕೋಟೆಯ ಹಿಂದೆ ನೀಲಿ ಪರ್ವತ ಇಟ್ಟಿದ್ದಾನೆ,
ಅಂಗಳಕ್ಕೆ ನವಿಲು, ಮುದುಕನಿಗೆ ಋಷಿಯ ಗಡ್ಡ,
ರೊಟ್ಟಿ ತಟ್ಟುವ ಸೊಸೆಯ ಕೊರಳಿಗೆ ಮೂರೆಳೆ ಮುತ್ತು.
ಕೆಮ್ಮಣ್ಣಿನ ಧೂಳು ಮಾತ್ರ ಒಂದು ಚಿಟಿಕೆಯೂ ಇಲ್ಲ.

ಯುದ್ಧವನ್ನು ಕಿಟಕಿಯ ಮೂಲೆಗೆ ತಳ್ಳಿದ್ದಾನೆ:
ಹೆಬ್ಬೆರಳಷ್ಟು ಹೊಗೆ,
ಇರುವೆಯಂಥ ಕುದುರೆ ಮೂರು,
ಅದೂ ಬಂಗಾರದ ಬಣ್ಣದಲ್ಲಿ.

ನಗಬೇಕೆಂದೇ ಬಗ್ಗಿದೆ.
ಆಗ ಕಂಡಿತು ಆಕೆಯ ಕೈ.

ತಟ್ಟುತ್ತಿದ್ದ ಅಂಗೈ
ಹಿಟ್ಟಿನಿಂದ ಎರಡು ಬೆರಳು ಮೇಲೆ
ನಿಂತುಬಿಟ್ಟಿದೆ.
ಹಂಚಿನ ಮೇಲಿನ ರೊಟ್ಟಿ ಒಂದು ಮಗ್ಗುಲು ಕಪ್ಪು.

ಮಾಣಿಕವ್ವ ಎಂದೆ ಆಕೆಗೆ. ಗಂಡ ರಾಚೋಟಿ,
ಬಿದರಿ ಕೆತ್ತುವ ಮನೆಯ ಹಿರೀಮಗ.
ಲಾಳ ಬಡಿಯಲು ಕೈ ಸಾಲವೆಂದು
ಹಿಡಿದುಕೊಂಡು ಹೋದರು ಕೃಷ್ಣೆಯಾಚೆಗೆ.
ಯಾರ ಮೇಲೆ ಯಾರೆಂದು ಅವನಿಗೂ ಗೊತ್ತಿರಲಿಲ್ಲ.
ಆಮೇಲೆ ನೆರೆಯವರು ಎರಡು ಸಲ ಕಣ ಸಾರಿಸಿದರು.

"ಯವ್ವಾ, ಅಪ್ಪನ ಕುದುರಿ ಏನ ಅದು?"
ಹೊಸ್ತಿಲ ಮೇಲೆ ನಿಂತು ಹುಡುಗ.
"ನಿಮ್ಮಪ್ಪ ಕುದುರಿ ಹತ್ತಾಂವ ಅಲ್ಲ ಮಗಾ,
ಅದರ ಕಾಲ ಹಿಡ್ಯಾಂವ."

ಮಾವ ಎದ್ದು ನೋಡುವುದಿಲ್ಲ.
ಕೋಟೆಗೋಡೆಯ ಬುಡದಿಂದ ತಂದ,
ಬಿಸಿಲು ಮಳೆ ಕಾಣದ ಮಣ್ಣನ್ನು
ನಾಲಿಗೆಯ ತುದಿಗಿಟ್ಟು ರುಚಿ ನೋಡುತ್ತಾನೆ.
ಬೆಳ್ಳಿ ಬೆಳ್ಳಗೇ ಉಳಿದು ಸುತ್ತಲೆಲ್ಲ ಕಪ್ಪಾಗಲು
ಬೇಕು ಈ ಮಣ್ಣಿನ ಉಪ್ಪು.
ಇವತ್ತು ಎರಡು ಸಲ ಉಗುಳಿದ.
ಮೂರನೆಯ ಸಲ ನುಂಗಿದ.
ಇದೆಲ್ಲ ಚಿತ್ರದಲ್ಲಿಲ್ಲ. ಗಡ್ಡವಿದೆ.

"ಎಷ್ಟಕ್ಕ ಕೊಡ್ತೀರಿ ಸಾಬ್ರ?"
"ಕಟ್ಟಿಂದಷ್ಟ ರೊಕ್ಕ ಕೊಡ್ರಿ.
ಒಳಗಿಂದು ನಂದಲ್ಲ."

ಅಡುಗೆಮನೆಯಲ್ಲಿ, ಡಬ್ಬಿಗಳ ಮೇಲೆ ಮೊಳೆ ಹೊಡೆದೆ.
ಟ್ಯೂಬ್‌ಲೈಟ್ ಹಚ್ಚಿದರೆ ಗಾಜು ಹೊಳೆದು
ಕಿಟಕಿಯೂ ಹೊಗೆಯೂ ಕಾಣುವುದಿಲ್ಲ.
ಮುತ್ತೂ ನವಿಲೂ ಅಷ್ಟೇ.
ಆಕೆಯ ಕೈ ಮಾತ್ರ ಅಲ್ಲೇ,
ಎರಡು ಬೆರಳು ಮೇಲೆ.

ನನ್ನ ಹಂಚಿನ ರೊಟ್ಟಿ ತಿರುವಲು
ಎರಡು ದಿನದಿಂದ ತಡವಾಗುತ್ತಿದೆ.